ಬೆಲ್ಮಾರ್ ಕಾರೂ ಹತ್ತಕ್ಕೆ ಹತ್ತರ ಗೋಳೂ

ಕಾರಿನ ಶೋರೂಮಿನಲ್ಲಿ ಕಸ್ಟಮರ್ ಕೇರ್ ಕೆಲಸಕ್ಕೆ ಸೇರಬೇಕೆಂದಿರುವ ನಮ್ಮ ಕಡೆಯ ಹುಡುಗಿಯರು ಆಗಾಗ ನನ್ನ ಹತ್ತಿರ ಬಂದು, "ಅಕ್ಕಾ, ಕೆಲಸ ಹೆಂಗಿರ್ತೈತಿ?" ಎಂದು ಕೇಳುತ್ತಾರೆ. ತಂಪು ಕೋಣೆ, ತಿರುಗುವ ಕುರ್ಚಿ, ಕೊರಳಿಗೆ ಕಂಪನಿಯ ಸ್ಕಾರ್ಫು, ಮುಂದೊಂದು ಕಂಪ್ಯೂಟರು. ಇದೆಲ್ಲ ಖರೇ. ಆದರೆ ನಿಮ್ಮನ್ನು ತರಬೇತಿಗೆಂದು ಕರೆದೊಯ್ದು, ಹೋಟೆಲಿನಲ್ಲಿಟ್ಟು ಪನೀರು ತಿನ್ನಿಸಿ ಕಳಿಸುವ ದೊಡ್ಡ ಮಂದಿ ಒಂದು ಸಂಗತಿ ಹೇಳುವುದಿಲ್ಲ. ಈ ಕೆಲಸದಲ್ಲಿ ಕಾರಿಗೂ ನಿಮಗೂ ಅಷ್ಟೇನೂ ಸಂಬಂಧವಿಲ್ಲ. ಸಂಬಂಧ ಇರುವುದು ಹತ್ತು ಎಂಬ ಒಂದು ಅಂಕಿಗೆ. ಆ ಅಂಕಿಗಾಗಿ ನಾನು ಪಟ್ಟ ಪಾಡನ್ನು ಹೇಳಿಬಿಡುತ್ತೇನೆ, ಆಮೇಲೆ ಸೇರುವುದು ಬಿಡುವುದು ನಿಮಗೆ ಬಿಟ್ಟದ್ದು.

ನಾನು ರಾಣೆಬೆನ್ನೂರಿನವಳು, ಹೆಸರು ಶಕುಂತಲಾ. ದಿನಾ ಬಸ್ಸು ಹತ್ತಿ ಹಾವೇರಿಗೆ ಹೋಗಿ, ಹೆದ್ದಾರಿ ಬದಿಯ ಬೆಲ್ಮಾರ್ ಶೋರೂಮಿನಲ್ಲಿ ಇಪ್ಪತ್ತು ವರ್ಷದ ಹತ್ತಿರ ದುಡಿದೆ. ಮೊದಲು ಫೋನು ಎತ್ತುವ ಕೆಲಸ, ಆಮೇಲೆ ಸರ್ವಿಸಿಗೆ ಬಂದವರನ್ನು ಮಾತಾಡಿಸುವ ಕೆಲಸ. ನಡುನಡುವೆ ಹುದ್ದೆಯ ಹೆಸರು ಉದ್ದವಾಗುತ್ತ ಹೋಯಿತು, ಸ್ಕಾರ್ಫಿನ ಬಣ್ಣವೂ ಬದಲಾಯಿತು. ಕುರ್ಚಿ ಮಾತ್ರ ಅದೇ ಇತ್ತು, ಅದರ ಒಂದು ಗಾಲಿ ಮೊದಲಿನಿಂದಲೂ ತಿರುಗುತ್ತಿರಲಿಲ್ಲ.

ಬೆಲ್ಮಾರ್ ಎಂದರೆ ಈಗಿನ ಮಕ್ಕಳಿಗೆ ಗೊತ್ತಾಗಲಿಕ್ಕಿಲ್ಲ. ತಾಯಿ ಕಂಪನಿ ಮೂರು ಹೆಸರಿನಲ್ಲಿ ಕಾರು ಮಾಡುತ್ತಿತ್ತು. ಒಂದು ಅಗ್ಗದ್ದು, ಒಂದು ಸಿರಿವಂತರದು, ನಡುವಿನದು ನಮ್ಮದು. ಸ್ಕೂಟರು ಮಾರಿ ಮೊದಲ ಸಲ ಕಾರು ಕೊಳ್ಳುವವನಿಗೆ ಬೆಲ್ಮಾರ್ ತುಟ್ಟಿ. ಬಂಗಲೆ ಕಟ್ಟಿಸಿದವನಿಗೆ ಅದು ಸಾಲದು. ಕೊಳ್ಳುತ್ತಿದ್ದವರು ವಕೀಲರು, ಬ್ಯಾಂಕಿನವರು, ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳು, ಬ್ಯಾಡಗಿಯ ಮೆಣಸಿನಕಾಯಿ ದಲಾಲರು, ನಿವೃತ್ತಿಯ ದುಡ್ಡು ಕೈಗೆ ಬಂದ ಮಾಸ್ತರುಗಳು. "ನೋಡಿದವ್ರು ಹೊಟ್ಟಿಕಿಚ್ಚು ಪಡಬಾರ್ದು, ಅಯ್ಯೋ ಪಾಪ ಅನ್ನಲೂಬಾರ್ದು, ಅಂಥಾ ಗಾಡಿ ಬೇಕ್ರಿ" ಎಂದು ಒಬ್ಬ ವಕೀಲರು ಕೇಳಿದ್ದರು. ನಾನು ಎರಡನೇ ಮಾತಿಲ್ಲದೆ ಬೆಲ್ಮಾರ್ ತೋರಿಸಿದ್ದೆ.

ಈಗ ಆ ಹತ್ತರ ಸಂಗತಿ. ಗಾಡಿ ಸರ್ವಿಸು ಮಾಡಿಸಿಕೊಂಡು ಹೋದ ಮೂರನೇ ದಿನ ಗಿರಾಕಿಗೆ ಕಂಪನಿಯಿಂದ ಫೋನು ಬರುತ್ತಿತ್ತು. ಸರ್ವಿಸು ಹೇಗಾಯಿತು, ಹತ್ತಕ್ಕೆ ಎಷ್ಟು ಕೊಡುತ್ತೀರಿ? ಹತ್ತು ಅಂದರೆ ನಾವು ಪಾಸು. ಒಂಬತ್ತು ಅಂದರೆ ನಪಾಸು. ಒಂಬತ್ತು ಕೂಡ! "ತೊಂಬತ್ತು ಪರ್ಸೆಂಟ್ ತಗೊಂಡ್ರ ನಮ್ಮೂರಾಗ ಪೇಪರಿನ್ಯಾಗ ಫೋಟೋ ಹಾಕ್ತಾರ್ರಿ" ಎಂದು ನಾನು ಒಬ್ಬ ಏರಿಯಾ ಮ್ಯಾನೇಜರನಿಗೆ ಹೇಳಿದೆ. ಮ್ಯಾನೇಜರ ನನ್ನನ್ನು ಕನಿಕರದಿಂದ ನೋಡಿ, ಒಂಬತ್ತು ಕೊಟ್ಟವನ ಮನಸ್ಸಿನಲ್ಲಿ ಒಂದು ನೋವು ಉಳಿದಿದೆ, ಆ ನೋವನ್ನು ಹುಡುಕು ಎಂದ.

ನೋವೆಲ್ಲಿಂದ ಹುಡುಕಲಿ? ನಮ್ಮ ಕಡೆಯವರ ಬಾಯಲ್ಲಿ ಹೊಗಳಿಕೆ ಬರುವುದೇ ಇಲ್ಲ. ಮದುವೆಯ ಊಟ ಎಷ್ಟೇ ರುಚಿಯಾಗಿರಲಿ, ಎಲೆಯಿಂದೆದ್ದವನು ಹೇಳುವುದು "ಅಡ್ಡಿಯಿಲ್ಲ" ಎಂದು. ಹೊಸ ಸೊಸೆಗೂ ಅಡ್ಡಿಯಿಲ್ಲ, ಹೊಸ ಟ್ರ್ಯಾಕ್ಟರಿಗೂ ಅಡ್ಡಿಯಿಲ್ಲ. ಅದರ ಮೇಲಿನ ಮೆಚ್ಚುಗೆ ನಮ್ಮಲ್ಲಿ ಹುಟ್ಟಿಯೇ ಇಲ್ಲ. ಕಂಪನಿಯ ಫೋನಿಗೆ ಇವರು "ಅಡ್ಡಿಯಿಲ್ರಿ" ಅಂದರೆ ಆ ಕಡೆಯ ಹುಡುಗಿ, ನಂಬರಿನಲ್ಲಿ ಹೇಳಿ ಸಾರ್ ಎನ್ನುತ್ತಿದ್ದಳು. ಕೆಲವರಿಗೆ ಬಾಯಿತುಂಬ ಹತ್ತು ಅಂದರೆ ಗಾಡಿಗೆ ದೃಷ್ಟಿಯಾಗುತ್ತದೆಂಬ ಹೆದರಿಕೆ. ಹಾಗಾಗಿ ಎಂಟು ಅಂದು ಫೋನು ಕೆಳಗಿಡುತ್ತಿದ್ದರು. ನನ್ನ ಕೆಲಸವೆಂದರೆ, ಫೋನು ಬರುವ ಮೊದಲೇ ಒಬ್ಬೊಬ್ಬರಿಗೂ ಫೋನು ಮಾಡಿ, "ಅಣ್ಣಾರ, ಹತ್ತು ಅನ್ರಿ. ದೃಷ್ಟಿ ಆದ್ರ ನಾ ತಗೀತೇನಿ" ಎಂದು ಬಾಯಿಪಾಠ ಮಾಡಿಸುವುದು.

ಇಷ್ಟಾಗಿಯೂ ಮೋಟೆಬೆನ್ನೂರಿನ ಪಾಟೀಲ ಮಾಸ್ತರು ಐದೇ ಕೊಡುತ್ತಿದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬೂದು ಬಣ್ಣದ ಬೆಲ್ಮಾರ್ ಅವರದು, ಒಳಗಿನ ಸೀಟಿನ ಪ್ಲಾಸ್ಟಿಕ್ಕು ಸಹ ಹರಿದಿರಲಿಲ್ಲ. ಪ್ರತಿ ಸಲ ಫೋನು ಬಂದಾಗಲೂ ಐದು. ಯಾಕೆ ಐದು ಎಂಬುದನ್ನೂ ಬಿಡಿಸಿ ಹೇಳುತ್ತಿದ್ದರು: ತೊಳೆದದ್ದಕ್ಕೆ ಒಂದು, ಹೇಳಿದ ಹೊತ್ತಿಗೆ ಕೊಟ್ಟದ್ದಕ್ಕೆ ಒಂದು, ನಡತೆಗೆ ಎರಡು, ಆಯಿಲ್ಲಿಗೆ ಒಂದು. ಎ.ಸಿ. ಹಾಕಿದರೆ ಗುರ್ ಎನ್ನುತ್ತದೆ, ಅದಕ್ಕೆ ಸೊನ್ನೆ. ನಾನು ಅವರ ಹೆಸರು ಕಂಪ್ಯೂಟರಿನಲ್ಲಿ ಕಂಡ ದಿನ ಬೆಳಿಗ್ಗೆಯೇ ಒಂದು ತಲೆನೋವಿನ ಗುಳಿಗೆ ನುಂಗುತ್ತಿದ್ದೆ.

ಮೇಲಿನವರ ಸುದ್ದಿ ಹೇಳದಿದ್ದರೆ ನೌಕರಿಯ ಕಥೆ ಪೂರ್ತಿಯಾಗುವುದಿಲ್ಲ. ಏರಿಯಾ ಮ್ಯಾನೇಜರರು ನಮಗೆ ಬಸ್ಸಿನ ಕಂಡಕ್ಟರುಗಳಿದ್ದಂತೆ, ಮುಖ ನೆನಪಾಗುವಷ್ಟರಲ್ಲಿ ಬದಲಾಗುತ್ತಿದ್ದರು. ಒಬ್ಬ ಬಂದು ನಮಸ್ಕಾರ ಮಾಡುವುದನ್ನು ಕಲಿಸಿದ. ನಮಸ್ಕಾರವನ್ನು, ನಮಗೆ! ಕೈ ಎದೆಯ ಮಟ್ಟಕ್ಕಿರಬೇಕು, ತಲೆ ಇಷ್ಟೇ ಬಾಗಬೇಕು, ಹಲ್ಲು ಇಷ್ಟೇ ಕಾಣಬೇಕು. ನಮ್ಮ ಹೆಡ್ ಮೆಕ್ಯಾನಿಕ್ ಖಾದರನ ಕೈಗೆ ಸದಾ ಗ್ರೀಸು. ಮ್ಯಾನೇಜರ ಹೇಳಿದನೆಂದು ಕೈ ಜೋಡಿಸಲು ಹೋಗಿ ಎರಡೂ ಅಂಗೈ ಅಂಟಿಕೊಂಡು, "ಅಕ್ಕಾರ, ಇವತ್ತ ಗಿರಾಕಿಗೆ ನಮಸ್ಕಾರ ಅಷ್ಟ, ಗಾಡಿ ನಾಳೆ" ಎಂದು ನಿಂತುಬಿಟ್ಟಿದ್ದ.

ಇನ್ನೊಬ್ಬನಿಗೆ ನಿಂಬೆಹಣ್ಣು ಕಂಡರೆ ಆಗುತ್ತಿರಲಿಲ್ಲ. ಹೊಸ ಗಾಡಿ ಹೊರಡುವಾಗ ನಾಲ್ಕೂ ಗಾಲಿಯಡಿ ನಿಂಬೆಹಣ್ಣಿಟ್ಟು ಅದರ ಮೇಲೆ ಹಾಯಿಸುವುದು ನಮ್ಮ ಪದ್ಧತಿ. ಶೋರೂಮಿನ ಬಿಳಿ ಟೈಲ್ಸಿನ ಮೇಲೆ ರಸ ಚೆಲ್ಲಿ ಕಲೆಯಾಗುತ್ತದೆಂದು ಮುಖ್ಯ ಕಚೇರಿಗೆ ಬರೆದ. ಮುಖ್ಯ ಕಚೇರಿಯವರು ಸ್ಥಳೀಯ ಭಾವನೆಗಳನ್ನು ಗೌರವಿಸುವ ಮಂದಿ. ಒಂದು ಡಬ್ಬಿ ತುಂಬ ಪ್ಲಾಸ್ಟಿಕ್ಕಿನ ನಿಂಬೆಹಣ್ಣು ಕಳಿಸಿದರು, ಪ್ರತಿಯೊಂದರ ಮೇಲೂ ಬೆಲ್ಮಾರ್ ಎಂದು ಸಣ್ಣಗೆ ಬರೆದಿತ್ತು. ಹಾವೇರಿಯ ಒಬ್ಬ ಬಟ್ಟೆ ವ್ಯಾಪಾರಿ ಅಂದು ಗಾಡಿ ಒಯ್ಯಲು ಬಂದಿದ್ದರು, ಹಿಂದಿನ ಸೀಟಿನಲ್ಲಿ ಅವರ ವಯಸ್ಸಾದ ತಾಯಿ. ಗಾಡಿ ಮುಂದೆ ಹೋಯಿತು. ಮೂರು ಹಣ್ಣು ಒಡೆಯದೆ ಹಾಗೇ ಕುಳಿತವು. ನಾಲ್ಕನೆಯದು ಗಾಲಿಯಿಂದ ಚಿಮ್ಮಿ ನೇರ ಮ್ಯಾನೇಜರನ ಮೊಣಕಾಲಿಗೆ ಬಡಿಯಿತು. ಅಜ್ಜಿ ಬಾಗಿಲು ತೆಗೆದು ಇಳಿದೇ ಬಿಟ್ಟರು.

"ಒಡೀಲಾರದ ಲಿಂಬಿಹಣ್ಣು ಯಾವ ಊರಾಗ ಬೆಳೀತಾವಪಾ?" ಎಂದು ಮ್ಯಾನೇಜರನನ್ನು ಕೇಳಿದರು. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಮೊಣಕಾಲು ಹಿಡಿದುಕೊಂಡು ಹಲ್ಲು ಎಷ್ಟು ಕಾಣಬೇಕೋ ಅಷ್ಟೇ ಕಾಣಿಸಿ ನಕ್ಕ. ಅಜ್ಜಿ ಬಸ್ಸಿನಲ್ಲಿ ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋದರು. ಗಾಡಿ ಅವರ ಹಿಂದೆ ಖಾಲಿ ಹೋಯಿತು. ಅಲ್ಲಿ ಖರೇ ಲಿಂಬಿಹಣ್ಣು ಒಡೆದ ಮೇಲೆಯೇ ಅವರು ಗಾಡಿಯೊಳಗೆ ಕಾಲಿಟ್ಟದ್ದು. ಮೊದಲ ಸರ್ವಿಸಿನ ಫೋನಿಗೆ ಆ ಗಿರಾಕಿ ಹತ್ತಕ್ಕೆ ಎಷ್ಟು ಕೊಟ್ಟರೆಂದು ನಾನು ಹೇಳುವುದಿಲ್ಲ.

ಬ್ಯಾಡಗಿಯ ಗಾಡಿಗಳದು ಇನ್ನೊಂದು ತಮಾಷೆ. ಅಲ್ಲಿಂದ ಬಂದ ಬೆಲ್ಮಾರ್‌ಗಳ ಎ.ಸಿ. ಮೇಲಿಂದ ಮೇಲೆ ಕೆಡುತ್ತಿದ್ದವು. ಪುಣೆಯಿಂದ ಒಬ್ಬ ದೊಡ್ಡ ಎಂಜಿನಿಯರು ಬಂದರು. ಮೆಣಸಿನಕಾಯಿ ದಲಾಲರಾದ ಗಫಾರಸಾಬರ ಗಾಡಿಯನ್ನು ಮುಂದಿಟ್ಟೆವು. ಖಾದರ, "ಸಾಹೇಬ್ರ, ಕಾಚ್ ಇಳಿಸಿ ಹಚ್ಚರಿ" ಎಂದು ಹೇಳಿದ. ಎಂಜಿನಿಯರು ಕೇಳಲಿಲ್ಲ, ಗಾಜು ಏರಿಸಿ, ಗಾಳಿಯನ್ನು ಪೂರ್ತಿ ತಿರುಗಿಸಿ, ಉಸಿರೆಳೆದುಕೊಂಡು ಪರೀಕ್ಷೆಗೆ ಕುಳಿತರು. ಬ್ಯಾಡಗಿ ಪೇಟೆಯ ಎಷ್ಟೋ ಸುಗ್ಗಿಯ ಖಾರದ ಧೂಳು ಒಂದೇ ಸಲ ಹೊರಬಿತ್ತು. ಆ ಮನುಷ್ಯ ಸೀನುತ್ತ ಸೀನುತ್ತ ಬಾಗಿಲ ಹಿಡಿಕೆ ಎಲ್ಲಿದೆಯೆಂಬುದನ್ನೇ ಮರೆತರು. ಹೊರಗೆಳೆದು ಮುಖಕ್ಕೆ ಮಜ್ಜಿಗೆ ಹಾಕಿದೆವು. ಒಂದು ತಿಂಗಳ ಮೇಲೆ ಮುಖ್ಯ ಕಚೇರಿಯಿಂದ ಸುತ್ತೋಲೆ ಬಂತು: ಗಿರಾಕಿಗಳು ಗಾಡಿಯಲ್ಲಿ ಮೆಣಸಿನಕಾಯಿ ಸಾಗಿಸದಂತೆ ತಿಳಿಹೇಳಬೇಕು. ಅದನ್ನು ಗಫಾರಸಾಬರಿಗೆ ಓದಿ ಹೇಳಿದೆ.

"ಅಕ್ಕಾರ, ಬ್ಯಾಡಗ್ಯಾಗ ಗಾಡಿ ಮಾರಿ ಮೆಣಸಿನಕಾಯಿ ಒಯ್ಯಬ್ಯಾಡ ಅನ್ನೂದಂದ್ರ, ಮೀನಗಾರಗ ದೋಣಿ ಮಾರಿ ನೀರಿಗೆ ಇಳಸಬ್ಯಾಡ ಅಂದಂಗ ಆತು" ಎಂದು ಅವರು ಹೊಟ್ಟೆ ಹಿಡಿದು ನಕ್ಕರು.

ಆಮೇಲೆ ಇಳಿಗಾಲ ಶುರುವಾಯಿತು. ಅಗ್ಗದ ಕಾರುಗಳಿಗೇ ಎ.ಸಿ., ಟಿ.ವಿ.ಯಂಥ ಪರದೆ ಎಲ್ಲ ಬಂದವು. ಸಿರಿವಂತರ ಕಾರು ಸಣ್ಣದಾಗಿ, ಬಡ್ಡಿಯ ಕಂತಿನಲ್ಲಿ ಎಲ್ಲರಿಗೂ ಸಿಗತೊಡಗಿತು. ನಡುವಿನವರು ನಾವು ಯಾರಿಗೂ ಬೇಡವಾದೆವು. ಮುಖ್ಯ ಕಚೇರಿಯವರು ತಲೆ ಓಡಿಸಿ, ತಮ್ಮದೇ ಅಗ್ಗದ ಕಾರಿಗೆ ಮುಂದಿನ ಜಾಲರಿ ಬದಲಾಯಿಸಿ, ಬೆಲ್ಮಾರ್ ಚಿಹ್ನೆ ಹಚ್ಚಿ, ಬೆಲೆ ಏರಿಸಿ ಹೊಸ ಬೆಲ್ಮಾರ್ ಎಂದು ಕಳಿಸಿದರು. ಬಣ್ಣದ ಕಾಗದ ಹಾರಿಸಿ, ಮೇಲೆ ಹೊದಿಸಿದ ರೇಷ್ಮೆ ಬಟ್ಟೆ ಸರಿಸಿ, ಬಾನೆಟ್ಟಿಗೆ ಹಾರ ಹಾಕಿದೆವು. ನೋಡಲು ಬಂದಿದ್ದ ಗಫಾರಸಾಬರು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಾಗಿಲು ತೆಗೆದು ಹಾಕಿ, ಒಳಗಿನ ಗುಂಡಿಗಳನ್ನು ಒತ್ತಿ ನೋಡಿದರು. ದಲಾಲಿ ಮಾಡುವವರ ಕೈ ಅದು, ಮುಟ್ಟಿದರೆ ತಿಳಿಯುತ್ತದೆ.

"ಅಕ್ಕಾರ, ಅಗ್ಗದ ಗುಂಟೂರು ಮೆಣಸಿನಕಾಯಿ ತಂದು ಬ್ಯಾಡಗಿ ಚೀಲದಾಗ ತುಂಬ್ಯಾರಲ್ರಿ! ಈ ಧಂದೆ ನಮ್ಮ ಪೇಟ್ಯಾಗೂ ಐತಿ. ಆದ್ರ ನಾವು ಸಿಕ್ಕಿಬಿದ್ರ ನಾಚಿಕೋತೇವಿ, ಹಿಂಗ ಹಾರ ಹಾಕೂದಿಲ್ಲ."

ಏರಿಯಾ ಮ್ಯಾನೇಜರ ಪಕ್ಕದಲ್ಲೇ ಇದ್ದ. ಅವರು ಏನಂದರು ಎಂದು ಕೇಳಿದ. ಬಹಳ ಮೆಚ್ಚಿಕೊಂಡರು ಎಂದೆ.

ಅಲ್ಲಿಂದ ಮುಂದೆ ತಿಂಗಳಿಗೆ ಒಂದು ಗಾಡಿ ಹೋದರೆ ನಮ್ಮ ಪುಣ್ಯ. ಕಂಪನಿ ಬೆಲ್ಮಾರ್ ನಿಲ್ಲಿಸುತ್ತದೆಯಂತೆ ಎಂಬ ಗಾಳಿಮಾತು ಎದ್ದಿತು. ಯಾರು ಕೇಳಿದರೂ "ವದಂತಿಗಳಿಗೆ ಕಿವಿಗೊಡಬೇಡಿ, ಬೆಲ್ಮಾರ್ ಕುಟುಂಬ ಬೆಳೆಯುತ್ತಿದೆ" ಎಂದು ಹೇಳುವಂತೆ ಮೇಲಿನಿಂದ ಆಜ್ಞೆ ಬಂತು. ಒಂದು ದಿನ ಬೆಳಿಗ್ಗೆ ನಾನು ಈ ಮಾತನ್ನು ಒಬ್ಬ ಬ್ಯಾಂಕ್ ಮ್ಯಾನೇಜರಿಗೆ ಹೇಳುತ್ತಿದ್ದಾಗಲೇ ಅವರು ತಮ್ಮ ಮೊಬೈಲು ತಿರುಗಿಸಿ ನನಗೆ ತೋರಿಸಿದರು. ಕಂಪನಿಯ ದೊಡ್ಡ ಯಜಮಾನರು ಕಪ್ಪು ಕೋಟಿನಲ್ಲಿ ನಿಂತು, ಬೆಲ್ಮಾರ್ ನಿಲ್ಲಿಸುವ ನಿರ್ಧಾರ ಹೃದಯಕ್ಕೆ ಭಾರವಾದದ್ದೆಂದು ಹೇಳುತ್ತಿದ್ದರು. ಇಪ್ಪತ್ತು ವರ್ಷ ದುಡಿದವಳಿಗೆ ಸುದ್ದಿ ಕೊಟ್ಟದ್ದು ಗಿರಾಕಿಯ ವಾಟ್ಸಾಪು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಸ್ಕಾರ್ಫು ಬಿಚ್ಚಿ ಡ್ರಾವರಿನಲ್ಲಿ ಒಗೆದೆ.

ಆಮೇಲೆ ನಡೆದದ್ದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ನಮ್ಮ ಕಡೆ ಒಬ್ಬರ ಮನೆಯಲ್ಲಿ ಸಾವಾದರೆ ಗುರುತಿದ್ದವರು ಮಾತಾಡಿಸಲು ಬರುತ್ತಾರೆ. ಮರುದಿನದಿಂದ ಶೋರೂಮಿಗೆ ಮಂದಿ ಮಾತಾಡಿಸಲು ಬರತೊಡಗಿದರು! ಕೈಯಲ್ಲಿ ಬಾಳೆಹಣ್ಣು, ಬಿಸ್ಕೀಟಿನ ಪುಡಿಕೆ. ಗಾಡಿ ಕೊಳ್ಳಲು ಬಂದಾಗ ಎಷ್ಟು ಕರೆದರೂ ಸೋಫಾದ ಅಂಚಿನಲ್ಲಿ ಕೂಡುತ್ತಿದ್ದವರು ಈಗ ಒರಗಿ ಕುಳಿತು ನಿಟ್ಟುಸಿರು ಬಿಟ್ಟರು.

"ಹೆಂಗಾತ್ರಿ ಇದು? ಮೊನ್ನೆ ಚಲೋ ಇತ್ತಲ್ಲ?"

"ಏನ ಮಾಡೂದ್ರಿ, ಭಾಳ ದಿವ್ಸದಿಂದ ಸೊರಗಿತ್ತು."

"ನಿಮ್ಮದು ಹೆಂಗ್ರಿ ಮುಂದ? ಧೈರ್ಯ ತಗೋರಿ ಅಕ್ಕಾರ."

ಕಾಗಿನೆಲೆಯಿಂದ ಒಬ್ಬ ಹಿರಿಯರು ಬಂದವರು ಶೋರೂಮಿನ ನಡುವೆ ನಿಂತಿದ್ದ ಕೊನೆಯ ಗಾಡಿಯ ಬಾನೆಟ್ಟನ್ನು ಸವರಿ ಕಣ್ಣು ಒರೆಸಿಕೊಂಡರು. ಮೊದಮೊದಲು ನನಗೆ ನಗು ಬಂತು. ನಾಲ್ಕೈದು ದಿನವಾದ ಮೇಲೆ ಅದು ಬರಲಿಲ್ಲ. ಕಂಪನಿಯಿಂದ ನಮ್ಮನ್ನು ಮಾತಾಡಿಸಲು ಯಾರೂ ಬಂದಿರಲಿಲ್ಲ, ಬಂದವರು ಇವರಷ್ಟೇ.

ಆಮೇಲೆ ಕಂಪನಿಯಿಂದ ಬಂದವನೆಂದರೆ ಕೊನೆಯ ಏರಿಯಾ ಮ್ಯಾನೇಜರ, ಚೂಪು ಬೂಟಿನ ಹುಡುಗ. ಬಂದು ನಮ್ಮನ್ನೆಲ್ಲ ವರ್ಕ್‌ಶಾಪಿನಲ್ಲಿ ನಿಲ್ಲಿಸಿ ಹೇಳಿದ: ಬೆಲ್ಮಾರ್ ಮಾಡುವುದು ನಿಂತರೂ ರಸ್ತೆಯ ಮೇಲಿರುವ ಗಾಡಿಗಳಿಗೆ ಇನ್ನೂ ಕೆಲವು ವರ್ಷ ಸರ್ವಿಸು, ಬಿಡಿಭಾಗ ಕೊಡುತ್ತಾರೆ. ಆದರೆ ಈ ಭಾಗದಲ್ಲಿರುವ ಮೂರು ಸೆಂಟರುಗಳಲ್ಲಿ ಒಂದನ್ನೇ ಉಳಿಸುತ್ತಾರೆ. ನಮ್ಮಿಂದ ಉತ್ತರಕ್ಕೊಂದು, ದಕ್ಷಿಣಕ್ಕೊಂದು, ನಡುವೆ ನಾವು. ಯಾವುದು ಉಳಿಯಬೇಕೆಂಬುದನ್ನು ಗಿರಾಕಿಗಳ ಅಂಕ ನೋಡಿ ತೀರ್ಮಾನಿಸುತ್ತಾರೆ. ಈ ತಿಂಗಳು ಎಲ್ಲ ಗಾಡಿಗಳಿಗೆ ಪುಕ್ಕಟೆ ತಪಾಸಣೆ ಮಾಡಿರಿ, ಆಮೇಲೆ ಫೋನು ಹೋಗುತ್ತದೆ. ಹೆಚ್ಚು ಹತ್ತು ಬಂದ ಸೆಂಟರು ಬದುಕುತ್ತದೆ.

ಹನ್ನೊಂದು ಜನ ಮೆಕ್ಯಾನಿಕರು ಅಲ್ಲಿ ನಿಂತಿದ್ದರು. ಖಾದರನಿಗೆ ಐವತ್ತು ದಾಟಿತ್ತು, ಕೈಗೆ ಬೆಲ್ಮಾರ್ ಬಿಟ್ಟರೆ ಬೇರೆ ಗಾಡಿ ಗೊತ್ತಿಲ್ಲ, ಬೇರೆ ಕಂಪನಿಯವರು ಈ ವಯಸ್ಸಿನಲ್ಲಿ ಅವನನ್ನು ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ. ನನಗೆ ನಿವೃತ್ತಿಗೆ ಎರಡು ವರ್ಷ ಬಾಕಿ. ಅವತ್ತು ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ಖರೇನೇ ಹೆದರಿಕೆಯಾಯಿತು. ಇಷ್ಟು ವರ್ಷ ಆಟದಂತೆ ನೋಡಿದ್ದ ಹತ್ತು ಈಗ ಹನ್ನೊಂದು ಮನೆಗಳ ಒಲೆಯ ಮೇಲೆ ಬಂದು ಕುಳಿತಿತ್ತು.

ಆಗ ನೋಡಬೇಕಿತ್ತು ನಮ್ಮ ಮಂದಿಯನ್ನು. ಅಡ್ಡಿಯಿಲ್ಲ ಅನ್ನುವುದನ್ನು ಬಿಟ್ಟು ಏನೂ ಗೊತ್ತಿಲ್ಲದವರು ಒಂದೇ ವಾರದಲ್ಲಿ ಬದಲಾಗಿಬಿಟ್ಟರು. ಗಫಾರಸಾಬರು ಬ್ಯಾಡಗಿ ಪೇಟೆಯ ಚಹದಂಗಡಿಯಲ್ಲಿ ಬೆಲ್ಮಾರ್ ಇದ್ದವರನ್ನೆಲ್ಲ ಕೂಡಿಸಿ ಪಾಠ ಶುರುಮಾಡಿದರು.

"ಫೋನ್ ಬಂದ್ರ ಏನಂತೀರಿ?"

"ಹತ್ತು!"

"ಎ.ಸಿ. ಹೆಂಗೈತಿ ಅಂದ್ರ?"

"ಹತ್ತು!"

"ಹೆಂಡ್ತಿ ಹೆಂಗದಾಳ ಅಂದ್ರ?"

"ಹತ್ತು!"

ಈ ಸಲ ಫೋನು ಮಾಡುವುದು ಹುಡುಗಿಯಲ್ಲ, ಯಂತ್ರ. ಪ್ರಶ್ನೆ ಕೇಳಿಸುತ್ತದೆ, ಉತ್ತರಕ್ಕೆ ಅಂಕಿ ಒತ್ತಬೇಕು. ಕೆಲವರು ಯಂತ್ರ ನಮಸ್ಕಾರ ಎನ್ನುವಷ್ಟರಲ್ಲೇ ಹತ್ತು ಒತ್ತಿ ಇಟ್ಟರು. ಕಾಗಿನೆಲೆಯ ಆ ಹಿರಿಯರಂತೂ ಬೇರೆ ಯಾವುದೋ ಬ್ಯಾಂಕಿನವರ ಫೋನಿಗೂ ಹತ್ತು ಒತ್ತಿ, ಆಮೇಲೆ ನನಗೆ ಫೋನು ಮಾಡಿ, "ಎರಡ ಸಲ ಕೊಟ್ಟೇನಿ ತಂಗಿ" ಎಂದರು. ದಿನಾ ಸಂಜೆ ಖಾದರ ಬಂದು ಎಷ್ಟಾಯಿತೆಂದು ಕೇಳುವನು. ಎಲ್ಲ ಹತ್ತು ಎನ್ನುವೆ. ಉಳಿದಿದ್ದವರು ಮೋಟೆಬೆನ್ನೂರಿನ ಪಾಟೀಲ ಮಾಸ್ತರೊಬ್ಬರು.

ಉಳಿದೆರಡು ಸೆಂಟರಿನವರೂ ಹೀಗೆಯೇ ಹತ್ತು ಒತ್ತಿಸುತ್ತಿದ್ದಾರೆಂಬ ಸುದ್ದಿ ಬಂದಿತ್ತು. ಹಾಗಿದ್ದಾಗ ನಮ್ಮದರಲ್ಲಿ ಒಂದು ಐದು ಬಿದ್ದರೆ ಮುಗಿಯಿತು. ಮಾಸ್ತರ ಗಾಡಿ ತಪಾಸಣೆಯಾದ ಮೂರನೇ ದಿನ, ಫೋನು ಬರುವ ದಿನ, ಖಾದರನನ್ನು ಕರೆದುಕೊಂಡು ನಾನೇ ಮೋಟೆಬೆನ್ನೂರಿಗೆ ಹೋದೆ. ಮಾಸ್ತರು ಕಟ್ಟೆಯ ಮೇಲೆ ಪೇಪರು ಓದುತ್ತಿದ್ದರು. ಅವರ ಹೆಂಡತಿ ನೀಲಮ್ಮನವರು ಚಹಕ್ಕೆ ನೀರಿಟ್ಟರು.

"ಮಾಸ್ತರ್ರ, ಈ ಸಲ ಹತ್ತು ಕೊಡಬೇಕ್ರಿ" ಎಂದು ನೇರ ಕೇಳಿಯೇ ಬಿಟ್ಟೆ.

"ಯಾಕ?"

"ಇಲ್ಲಂದ್ರ ಸೆಂಟರ್ ಮುಚ್ಚತಾರ್ರಿ. ಹನ್ನೊಂದು ಮಂದಿ ಮನೀಗೆ ಹೋಗ್ತಾರ. ಈ ಖಾದರ ಎಲ್ಲಿ ಹೋಗಬೇಕ್ರಿ?"

ಮಾಸ್ತರು ಪೇಪರು ಮಡಿಚಿಟ್ಟರು. "ಅದು ಬ್ಯಾರೆ ಪ್ರಶ್ನಿ, ತಂಗಿ. ಫೋನಿನ್ಯಾಗ ಕೇಳೂದು ಏನು? ಗಾಡಿ ಕೆಲಸ ಹೆಂಗಾತು ಅಂತ. ಅದಕ್ಕಷ್ಟ ಮಾರ್ಕ್ಸ್. ಮಂದಿ ಕಷ್ಟಕ್ಕ ಮಾರ್ಕ್ಸ್ ಕೊಡಾಕ ಬರೂದಿಲ್ಲ."

"ಊರ ಮಂದಿಯೆಲ್ಲಾ ಕೊಟ್ಟಾರ್ರಿ."

"ಊರ ಮಂದಿ ಪೇಪರ್ ತಿದ್ದಿಲ್ಲ. ನಾ ತಿದ್ದೇನಿ."

ನನಗೆ ಸಿಟ್ಟು ನೆತ್ತಿಗೇರಿತು. ಇಂಥ ಹಠದ ಮನುಷ್ಯನ ಕೈಯಲ್ಲಿ ಕಲಿತ ಮಕ್ಕಳ ಗತಿ ಏನಾಗಿರಬೇಡ ಎಂದುಕೊಂಡೆ. ಖಾದರ ಚೀಲ ಬಿಚ್ಚಿ ಎ.ಸಿ.ಯ ಕೆಲಸಕ್ಕೆ ಕುಳಿತ. ಬಿಸಿಲಿನಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಬಿಚ್ಚಿ, ಒರೆಸಿ, ಮತ್ತೆ ಕೂಡಿಸಿದ. ಮಾಸ್ತರು ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೆದ್ದಾರಿಯವರೆಗೆ ಓಡಿಸಿ ಬಂದರು. ಹೆಂಗಾತ್ರಿ ಎಂದರೆ "ಹೂಂ" ಅಂದರು. ಅವರ ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ.

ಚಹ ಕೈಯಲ್ಲಿರುವಾಗಲೇ ಫೋನು ಬಂತು. ಟಿ.ವಿ.ಯಲ್ಲಿ ಮಾತಾಡುವಂಥ ಕನ್ನಡದಲ್ಲಿ ಯಂತ್ರ ಶುರುಮಾಡಿತು. ಮಾಸ್ತರು, "ಮೊದಲ ನಿಮ್ಮ ಹೆಸರು ಹೇಳ್ರಿ" ಎಂದರು. ಯಂತ್ರ ಮುಂದಿನ ವಾಕ್ಯಕ್ಕೆ ಹೋಯಿತು. "ಕೇಳಿದ್ದಕ್ಕ ಉತ್ತರಾ ಕೊಡೂದಿಲ್ಲ, ಮತ್ತ ನನ್ನ ಕೇಳ್ತೈತಿ" ಎಂದು ಗೊಣಗಿದರು. ಆದರೂ ಪ್ರಶ್ನೆಯನ್ನು ಪೂರ್ತಿ ಕೇಳಿದರು, ಮತ್ತೊಮ್ಮೆ ಕೇಳಿಸಿಕೊಂಡರು. ನನ್ನ ಕೈಯಲ್ಲಿದ್ದ ಚಹದ ಮೇಲೆ ಕೆನೆ ಕಟ್ಟಿತ್ತು. ಖಾದರ ಮೆಟ್ಟಿಲ ಮೇಲೆ ಕುಳಿತು ತೋಳಿನಿಂದ ಬೆವರು ಒರೆಸಿಕೊಳ್ಳುತ್ತಿದ್ದ. ಮಾಸ್ತರು ಚಷ್ಮಾ ಸರಿಮಾಡಿಕೊಂಡು ಒಂದು ಅಂಕಿ ಒತ್ತಿದರು.

"ಎಷ್ಟ್ರಿ?"

"ಏಳು."

ಐದರಿಂದ ಏಳು. ಎ.ಸಿ. ರಿಪೇರಿಗೆ ಎರಡು ಸಿಕ್ಕಿತೆಂದುಕೊಂಡೆ. ಆದರೆ ಏಳು ಇಟ್ಟುಕೊಂಡು ಏನು ಮಾಡುವುದು? ಒಂಬತ್ತೇ ನಪಾಸು. ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ನನ್ನ ಕಣ್ಣಲ್ಲಿ ನೀರು ಬಂತು. ಖಾದರನೇ, "ಇರ್ಲಿ ಬಿಡ್ರಿ ಅಕ್ಕಾರ, ನಿಮ್ಮ ಕೈಲಾದದ್ದು ಮಾಡೀರಿ" ಎಂದು ನನಗೆ ಸಮಾಧಾನ ಹೇಳಿದ. ನೌಕರಿ ಹೋಗುವವನು ಅವನು, ಸಮಾಧಾನ ನನಗೆ.

ತೀರ್ಮಾನ ಬಂದ ದಿನ ಚೂಪು ಬೂಟಿನ ಹುಡುಗ ಸ್ವತಃ ಬಂದ, ಕೈಯಲ್ಲಿ ಗಾಜಿನ ಚೌಕಟ್ಟಿನ ಪ್ರಶಸ್ತಿ ಪತ್ರ. ನಾನು ಎರಡೆರಡು ಸಲ ಕೇಳಿ ಅರ್ಥ ಮಾಡಿಕೊಂಡೆ. ಮುಖ್ಯ ಕಚೇರಿಯಲ್ಲಿ ಹೊಸ ಸಾಫ್ಟ್‌ವೇರು ತಂದಿದ್ದರಂತೆ. ಪ್ರಶ್ನೆ ಮುಗಿಯುವ ಮೊದಲೇ ಹತ್ತು ಒತ್ತಿದವರದೆಲ್ಲ ಹೇಳಿಕೊಟ್ಟ ಉತ್ತರವೆಂದು ಅದು ಕಿತ್ತೆಸೆಯಿತು. ಒಂದೇ ಊರಿನಿಂದ ಸಾಲಾಗಿ ಹತ್ತು ಬಂದರೆ ಅವನ್ನೂ ಕಿತ್ತೆಸೆಯಿತು. ಹೀಗೆ ಕಿತ್ತು ಕಿತ್ತು ಉತ್ತರದ ಸೆಂಟರಿನಲ್ಲಿ ಒಂದು ಉತ್ತರವೂ ಉಳಿಯಲಿಲ್ಲ, ದಕ್ಷಿಣದ್ದರಲ್ಲೂ ಉಳಿಯಲಿಲ್ಲ. ಹಾವೇರಿಯಲ್ಲಿ ಒಂದು ಉಳಿಯಿತು. ಏಳು. ಪ್ರಶ್ನೆಯನ್ನು ಎರಡು ಸಲ ಕೇಳಿ, ಯೋಚಿಸಿ ಒತ್ತಿದ ಏಳು. ಅದೇ ನಮ್ಮ ಸರಾಸರಿ. ಪ್ರಾಮಾಣಿಕ ಅಭಿಪ್ರಾಯದ ಸಂಸ್ಕೃತಿಯನ್ನು ಬೆಳೆಸಿದ್ದಕ್ಕಾಗಿ ಹಾವೇರಿ ಸೆಂಟರಿಗೆ ಅಭಿನಂದನೆ ಎಂದು ಪತ್ರದಲ್ಲಿ ಬರೆದಿತ್ತು. ಗಿರಾಕಿಗಳಿಗೆ ಇಂಥ ಪ್ರಾಮಾಣಿಕತೆಯನ್ನು ಯಾವ ತರಬೇತಿಯಿಂದ ಕಲಿಸಿದಿರಿ ಎಂದು ಹುಡುಗ ನನ್ನನ್ನು ಕೇಳಿದ. ನಾನು ಕೈ ಎದೆಯ ಮಟ್ಟಕ್ಕೆ ತಂದು ನಮಸ್ಕಾರ ಮಾಡಿದೆ.

ಮುಂದೆ ನಡೆದದ್ದು ಇನ್ನೂ ವಿಚಿತ್ರ. ಎರಡು ಸೆಂಟರು ಮುಚ್ಚಿದ್ದರಿಂದ ದೂರದೂರದ ಬೆಲ್ಮಾರ್‌ಗಳೆಲ್ಲ ಹಾವೇರಿಗೇ ಬರತೊಡಗಿದವು. ಕಂಪನಿ ಗಾಡಿ ಮಾಡುತ್ತಿದ್ದ ಕಾಲದಲ್ಲಿ ಮಧ್ಯಾಹ್ನ ಚೌಕಾಬಾರ ಆಡುತ್ತಿದ್ದ ನಮ್ಮ ಮೆಕ್ಯಾನಿಕರಿಗೆ ಈಗ ಊಟಕ್ಕೆ ಏಳಲು ಪುರುಸೊತ್ತಿಲ್ಲ. ಖಾದರ ಇವತ್ತಿಗೂ ಅಲ್ಲೇ ಇದ್ದಾನೆ. ನಾನು ನನ್ನ ಎರಡು ವರ್ಷ ಪೂರ್ತಿ ಮಾಡಿ, ಗಾಲಿ ತಿರುಗದ ಕುರ್ಚಿಯಿಂದ ಎದ್ದು ಮನೆಗೆ ಬಂದೆ.

ಆದರೆ ನಿಮಗೆ ಹೇಳಲೇಬೇಕಾದದ್ದು ಆ ಪತ್ರ ಬಂದ ವಾರದ ಮಾತು. ನಾನು ಒಂದು ಡಬ್ಬಿ ಪೇಢೆ ಕಟ್ಟಿಸಿಕೊಂಡು ಮೋಟೆಬೆನ್ನೂರಿನಲ್ಲಿಳಿದೆ. ಮನಸ್ಸಿನಲ್ಲೇ ಬೈದುಕೊಂಡಿದ್ದ ಮನುಷ್ಯನ ಕಾಲು ಮುಟ್ಟಿ ಬರಬೇಕೆನ್ನಿಸಿತ್ತು. ಮಾಸ್ತರು ಕಟ್ಟೆಯ ಮೇಲೇ ಇದ್ದರು. ನೀಲಮ್ಮನವರು ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಇದ್ದದ್ದನ್ನೆಲ್ಲ ಹೇಳಿದೆ.

"ಊರ ಮಂದೀದು ಎಲ್ಲಾ ಸುಳ್ಳು ಅಂತ ತಗದು ಒಗದಾರ್ರಿ. ನಿಮ್ಮ ಏಳು ಅಷ್ಟ ಹಿಡದಾರ. ಅದೊಂದ ಖರೇ ಮಾರ್ಕ್ಸ್ ಅಂತ. ಅದರ ಮ್ಯಾಲ ಹನ್ನೊಂದು ಮಂದಿ ನೌಕರಿ ಉಳದೈತ್ರಿ ಮಾಸ್ತರ್ರ."

ಮಾಸ್ತರು ಬಾಯಿಯ ಹತ್ತಿರ ಒಯ್ದಿದ್ದ ಪೇಢೆಯನ್ನು ಡಬ್ಬಿಯಲ್ಲಿ ತಿರುಗಿ ಇಟ್ಟರು.

"ಖರೇ ಮಾರ್ಕ್ಸ್ ಐದು, ತಂಗಿ."

ನನಗೆ ತಿಳಿಯಲಿಲ್ಲ. "ಎ.ಸಿ. ರಿಪೇರಿ ಆತಲ್ರಿ, ಅದಕ್ಕ ಎರಡು..."

"ಎಲ್ಲಿ ರಿಪೇರಿ? ಆವತ್ತ ಹೆದ್ದಾರಿ ಮುಟ್ಟೂದ್ರಾಗ ಮತ್ತ ಗುರ್ ಅಂತು. ಖಾದರಗೂ ಕೇಳಿಸಿತ್ತು, ಅಂವ ನನ್ನ ಮಾರಿ ನೋಡಲಿಲ್ಲ. ಬಂದು ಮೆಟ್ಟಲ ಮ್ಯಾಲ ಕುಂತ. ನೀನು ಚಾ ಕುಡೀಲಾರದ ನನ್ನ ಬೆರಳ ನೋಡ್ಕೋತ ಕುಂತಿದ್ದಿ. ಎರಡು ನಾನ ಹಾಕಿದೆ. ಗ್ರೇಸ್."

ಬಾಗಿಲಲ್ಲಿ ಅವರೆಕಾಯಿ ಸುಲಿಯುವ ಸದ್ದು ನಿಂತಿತು.

"ಏನಂದ್ರಿ?" ನೀಲಮ್ಮನವರು ಮೊರ ಕೆಳಗಿಟ್ಟು ಎದ್ದು ಬಂದರು. "ಗ್ರೇಸ್ ಹಾಕಿದ್ರಿ? ನೀವು? ನಮ್ಮ ಶಿವೂಗ ನಿಮ್ಮ ಪೇಪರಿನ್ಯಾಗ ಎರಡು ಮಾರ್ಕ್ಸ್ ಕಡಿಮಿ ಬಿದ್ದಾಗ ನಾ ಊಟ ಬಿಟ್ಟು ಕಾಲು ಹಿಡದಿದ್ದೆ. ಹಾಕಲಿಲ್ಲ. ಕೂಸು ಒಂದು ವರ್ಷ ಮನ್ಯಾಗ ಕುಂತು, ಆಮ್ಯಾಲೆ ಸಾಲಿ ಕಡೆ ಮಾರಿ ಹಾಕಲಿಲ್ಲ. ಇವತ್ತಿಗೂ ನಿಮ್ಮ ಜೋಡಿ ನೆಟ್ಟಗ ಮಾತಾಡಂಗಿಲ್ಲ."

ಮಾಸ್ತರು ತಲೆ ಎತ್ತಲಿಲ್ಲ. "ಆಗ ನನಗ ಬರ್ತಿದ್ದಿಲ್ಲ" ಎಂದರು.

"ಈಗ ಬಂತಲ್ಲ. ಹಚ್ಚರಿ ಫೋನು. ಕಾರಿನ ಕಂಪನೀಗೆ ಕೊಟ್ಟವ್ರು ಮಗಗೂ ಹೇಳ್ರಿ."

ನಾನು ಹೊತ್ತಾಯಿತೆಂದು ಎದ್ದು ಚಪ್ಪಲಿ ಮೆಟ್ಟಿದೆ. ಯಾರೂ ನನ್ನನ್ನು ಕೂಡಿರೆನ್ನಲಿಲ್ಲ. ಮಾಸ್ತರು ಚಷ್ಮಾ ಹಾಕಿಕೊಂಡು, ಮೊಬೈಲನ್ನು ಬೆಳಕಿಗೆ ಹಿಡಿದು, ಮಗನ ನಂಬರು ಹುಡುಕತೊಡಗಿದ್ದರು.